ಎಣ್ಣೆ ಯಾಕ ಬಿಡಾಕ ಆಗವಲ್ದು ಅಂತ ಕೇಳುವವರಿಗೆ

ಕುಷ್ಟಗಿ ಹತ್ತಿರ ಹೆದ್ದಾರಿ ಮೇಲೆ ನನ್ನದೊಂದು ಪೆಟ್ರೋಲ್ ಬಂಕ್ ಇದೆ. ಮದುವೆಗೆ ಹೋಗಲಿ, ತಿಥಿಗೆ ಹೋಗಲಿ, ಪ್ರಶ್ನೆ ಒಂದೇ: "ಇಷ್ಟು ದೊಡ್ಡ ದೇಶ, ಚಂದ್ರನ ಮ್ಯಾಲ ಇಳಿದೈತಿ, ಈ ಪೆಟ್ರೋಲ್, ಡೀಸೆಲ್ ಎಣ್ಣೆ ಬಿಡಾಕ ಯಾಕ ಆಗವಲ್ದೋ ಮಾರಾಯಾ?" ಸೆರೆ ಅಂಗಡಿಯವನನ್ನು ಹಿಡಿದು ಜನ ಯಾಕೆ ಕುಡಿಯುತ್ತಾರೆ ಅಂತ ಕೇಳಿದ ಹಾಗೆ. ಮೊದಮೊದಲು ಚಹಾ ತರಿಸಿ ವಿವರಿಸುತ್ತಿದ್ದೆ. ಈಗ ಚಹಾದ ರೇಟೂ ಏರಿದೆ, ನನ್ನ ತಾಳ್ಮೆಯೂ ತೀರಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ವಾಟ್ಸಾಪಿನಲ್ಲಿ ದಬ್ಬುತ್ತೇನೆ.

ನನಗೆ ಉರಿಯುವುದು ಆ "ಬಿಡು" ಅನ್ನುವ ಮಾತಿಗೆ. ಅಮೆರಿಕಕ್ಕೆ ಎಣ್ಣೆಯ ಚಟ ಹತ್ತಿದೆ ಅಂತ ಅಧ್ಯಕ್ಷ ಬುಷ್ 2006ರಲ್ಲೇ ಹೇಳಿದ್ದರು. ಚಟವೇ ಆಗಿದ್ದರೆ ಮದ್ಯವರ್ಜನ ಶಿಬಿರಕ್ಕೆ ಎಂಟು ದಿನ ಕಳಿಸಿದರೆ ಸಾಕಿತ್ತು. ಕುಡಿಯೋದು ಬಿಟ್ಟವನಿಗೆ ಹೆಂಡತಿ ಖುಷಿಯಿಂದ ಅನ್ನ ಬಡಿಸುತ್ತಾಳೆ. ಡೀಸೆಲ್ ಬಿಟ್ಟರೆ ಗಂಗಾವತಿಯಿಂದ ಅಕ್ಕಿಯೇ ಬರುವುದಿಲ್ಲ, ಬಡಿಸೋದು ಏನನ್ನ?

ಪಣ ತೊಟ್ಟವರಿಗೇನೂ ಕಡಿಮೆ ಇಲ್ಲ. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ, 1980ರ ಹೊತ್ತಿಗೆ ಹೊರಗಿನವರ ಹಂಗೇ ಬೇಡ ಅಂದರು ಅಮೆರಿಕದ ಆಗಿನ ಅಧ್ಯಕ್ಷ ನಿಕ್ಸನ್. 1977ಕ್ಕೆ ನೋಡಿದರೆ ಅಮೆರಿಕದ ಆಮದು ಮೊದಲಿಗಿಂತ ಜಾಸ್ತಿ. ಈಗ ತಮ್ಮದೇ ನೆಲದ ಬಂಡೆ ಒಡೆದು ಎಣ್ಣೆ ತೆಗೆದು ಹೊರಗೂ ಮಾರುತ್ತಾರೆ, ಆದರೆ ದಿನಕ್ಕೆ ಸುಡುವುದು ಸುಮಾರು 2 ಕೋಟಿ ಬ್ಯಾರೆಲ್. ನಮ್ಮ ಪ್ರಧಾನಿಯೂ 2015ರಲ್ಲಿ, 2022ರೊಳಗೆ ಆಮದಿನ ಪಾಲು ಶೇ 10ರಷ್ಟು ಇಳಿಯಬೇಕು ಅಂದಿದ್ದರು. ಆಗ ಶೇ 77ರ ಆಸುಪಾಸು ಇತ್ತು. ಈಗ ಶೇ 85 ದಾಟಿದೆ.

ಎರಡು ವರ್ಷದ ಹಿಂದೆ ಒಂದು ರಾತ್ರಿ ಗಾಳಿಯಂತ್ರದ ರೆಕ್ಕೆ ಹೊತ್ತ ಲಾರಿ ಬಂಕಿನ ಮುಂದೆ ಬಂದು ನಿಂತಿತು. ನಮ್ಮ ಹುಡುಗರು ಅದಕ್ಕೆ ಫ್ಯಾನು ಅನ್ನುತ್ತಾರೆ. ಆ ಒಂದು ರೆಕ್ಕೆ ನಮ್ಮ ಬಂಕಿಗಿಂತ ಉದ್ದ. ಒಳಗೆ ತಿರುಗಿಸುವ ಮಾತೇ ಇಲ್ಲ. ಅದೇ ಹೊತ್ತಿಗೆ ನಮ್ಮ ಮಾವ, ರಿಟೈರ್ಡ್ ಮಾಸ್ತರು, ಸ್ಕೂಟರಿಗೆ ನೂರು ರೂಪಾಯಿ ಪೆಟ್ರೋಲ್ ಹಾಕಿಸಲು ಬಂದಿದ್ದರು. ರೆಕ್ಕೆ ನೋಡಿ ಖುಷಿಯೋ ಖುಷಿ. "ನೋಡಪಾ ಅಳಿಯಾ, ಇವು ಎಲ್ಲಾ ಕಡಿ ನಿಂತ ಮ್ಯಾಲ ನಿನ್ನ ಬಂಕ್ ಬಂದ್!" ಅಷ್ಟರಲ್ಲಿ ಲಾರಿಯ ಮುಂದೆ ಬರುತ್ತಿದ್ದ ಜೀಪಿನವರು ಕ್ಯಾನು ಇಳಿಸಿದರು. ಹುಡುಗರು ಡೀಸೆಲ್ ಹೊತ್ತು ಹೊತ್ತು ತಂದು, ಲಾಳಿಕೆ ಇಟ್ಟು, ರಸ್ತೆ ಬದಿಯಲ್ಲೇ ಆ ಲಾರಿಗೆ ನಾನೂರು ಲೀಟರ್ ಕುಡಿಸಿದರು. ಮಾವ ಕೊನೆಯ ಕ್ಯಾನಿನ ತನಕ ನಿಂತು ನೋಡಿದರು. ಆಮೇಲೆ ಅಂದರು: "ಆದ್ರೂ..."

ಆ "ಆದ್ರೂ"ಗೆ ಉತ್ತರ ಕೊಡದೆ ಬಿಟ್ಟಿದ್ದೆ. ಈಗ ಕೊಡುತ್ತೇನೆ.

ಮಾವಾರ, ಫ್ಯಾನು ಕೊಡುವುದು ಕರೆಂಟು. ನಮ್ಮ ಕಡೆ ಕರೆಂಟು ಮಾಡುತ್ತಿದ್ದುದು ಶಕ್ತಿನಗರ, ಯರಮರಸ್, ಕುಡತಿನಿಯಲ್ಲಿ ಸುಡುವ ಕಲ್ಲಿದ್ದಲು. ಫ್ಯಾನಿನ ಜಗಳ ಕಲ್ಲಿದ್ದಲಿನ ಜೊತೆ, ನನ್ನ ಜೊತೆ ಅಲ್ಲ. ಅದು ನನ್ನ ಗಲ್ಲೆಗೆ ಕೈ ಹಾಕಬೇಕಾದರೆ ಆ ಕರೆಂಟು ಮೊದಲು ಗಾಡಿಯ ಚಕ್ರಕ್ಕೆ ಬಂದು ಸೇರಬೇಕು. ನಿಮ್ಮ ಸ್ಕೂಟರಿಗೆ ನಾಳೆಯೇ ಸೇರಬಹುದು, ಬೇಡ ಅಂದವರು ಯಾರು? ಆದರೆ ಈ ದೇಶದಲ್ಲಿ ಪೆಟ್ರೋಲಿನ ಎರಡು ಪಟ್ಟಿಗೂ ಜಾಸ್ತಿ ಖರ್ಚಾಗುವುದು ಡೀಸೆಲ್. ಒಂದು ಲೀಟರಿನಲ್ಲಿ ಹತ್ತು ಯೂನಿಟ್ ಕರೆಂಟಿನಷ್ಟು ಕಸುವಿದೆ. ಅರ್ಧಕ್ಕಿಂತ ಹೆಚ್ಚು ಹೊಗೆ, ಶಾಖವಾಗಿ ಹೋದರೂ ನಾಲ್ಕು ಯೂನಿಟ್ ಕೆಲಸಕ್ಕೆ ಬರುತ್ತದೆ. ನಾನೂರು ಲೀಟರಿನ ಕೆಲಸ ಬ್ಯಾಟರಿ ಮಾಡಬೇಕೆಂದರೆ ಆ ಬ್ಯಾಟರಿಯೇ ಹತ್ತು ಟನ್ನಿನ ಹತ್ತಿರ ತೂಗುತ್ತದೆ. ನನ್ನ ನಾಜಲ್ ಆ ನಾನೂರು ಲೀಟರನ್ನು ಹತ್ತು ನಿಮಿಷದಲ್ಲಿ ತುಂಬಿ ಮುಗಿಸುತ್ತದೆ. ಚೀನಾ ನೋಡಿ. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಚಾರ್ಜ್ ಮಾಡುವಂಥವು. ಹಾಗಿದ್ದೂ ಕಚ್ಚಾ ತೈಲ ಕೊಳ್ಳುವುದರಲ್ಲಿ ಜಗತ್ತಿಗೆ ಮೊದಲು ಅದೇ. ಹೊಸ ಗಾಡಿ ಬಂತು ಅಂತ ಹಳೆ ಲಾರಿ ನಾಚಿಕೊಂಡು ಮನೆಯಲ್ಲಿ ಕೂರುವುದಿಲ್ಲ.

"ಕರೆಂಟ್ ಕಾರಿಗೆ ನಾರ್ವೆ ನೋಡ್ರೀ" ಅನ್ನುವವರಿಗೆ ಬೇರೆ ಸಾಲು. ನಾರ್ವೆಯಲ್ಲಿರುವುದು 55 ಲಕ್ಷ ಜನ. 2011ರ ಜನಗಣತಿಯಲ್ಲಿ ಅವಿಭಜಿತ ಬಳ್ಳಾರಿ, ರಾಯಚೂರು, ಕೊಪ್ಪಳ ಕೂಡಿ ಅದಕ್ಕಿಂತ ಜಾಸ್ತಿ ಇದ್ದೆವು. ಅವರ ಕರೆಂಟು ಹೆಚ್ಚುಕಡಿಮೆ ಎಲ್ಲಾ ನೀರಿನಿಂದ, ಆ ಕಾರುಗಳಿಗೆ ಕೊಡುವ ರಿಯಾಯಿತಿಗೆ ಬೊಕ್ಕಸ ತುಂಬಿದ್ದು ಸಮುದ್ರದಲ್ಲಿ ತೆಗೆದು ಮಾರಿದ ಎಣ್ಣೆಯಿಂದ. ನಮ್ಮ ಬೊಕ್ಕಸಗಳು ತಿನ್ನುವುದೂ ಎಣ್ಣೆಯನ್ನೇ, ತೆರಿಗೆಯ ದಾರಿಯಲ್ಲಿ. ಪೆಟ್ರೋಲ್, ಡೀಸೆಲ್ ಇವತ್ತಿಗೂ ಜಿಎಸ್‌ಟಿ ಹೊರಗಿರುವುದು ಯಾಕೆ ಅಂದುಕೊಂಡಿರಿ? 2024ರ ಜೂನಿನಲ್ಲಿ ರಾಜ್ಯ ತೆರಿಗೆ ಏರಿಸಿ ಪೆಟ್ರೋಲ್ ಸುಮಾರು 3 ರೂಪಾಯಿ ತುಟ್ಟಿಯಾದಾಗ ಬೈಸಿಕೊಂಡವನು ನಾನು.

ನಾನು ಎಣ್ಣೆ ಮಾರುವವ, ಹೀಗೆ ಹೇಳದೆ ಇನ್ನೇನು ಹೇಳ್ಯಾನು ಅಂತೀರಿ. ಅನ್ನಿ. ಆದರೆ ಎಣ್ಣೆ ಮಾರುವವನಿಗೇ ಹೊಟ್ಟೆ ನೋಯುವ ಒಂದು ಪ್ರಶ್ನೆ ಇದೆ, ಅದನ್ನು ಮಾತ್ರ ಯಾರೂ ಕೇಳಲಿಲ್ಲ. ಕುಷ್ಟಗಿಗೆ ಮೊದಲ ರೈಲು ಬರಲು 2025ರ ಮೇ ತನಕ ಯಾಕೆ ಕಾಯಬೇಕಾಯಿತು? ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶದ ಸರಕಿನಲ್ಲಿ ಶೇ 80ಕ್ಕೂ ಹೆಚ್ಚು ರೈಲಿನಲ್ಲಿ ಹೋಗುತ್ತಿತ್ತು. ಈಗ ಮೂರನೇ ಒಂದು ಪಾಲೂ ಇಲ್ಲ. ಉಳಿದದ್ದೆಲ್ಲ ನನ್ನ ಬಂಕಿನ ಮುಂದಿನಿಂದ ಹೋಗುತ್ತದೆ: ಮೆಕ್ಕೆಜೋಳ, ಸಿಮೆಂಟು, ದಾಳಿಂಬೆ, ಅದಿರು. ರೈಲ್ವೆಯ ಬ್ರಾಡ್‌ಗೇಜ್ ಹೆಚ್ಚುಕಡಿಮೆ ಪೂರ್ತಿ ಕರೆಂಟಿಗೆ ಬಂದಾಗಿದೆ. ಫ್ಯಾನಿನ ಕರೆಂಟು ಮೂಟೆ ಹೊರುವ ದಾರಿ ಇದ್ದದ್ದೇ ಅಲ್ಲಿ. ಹಳಿ ಹಾಕದೆ ರಸ್ತೆ ಹಾಕಿ, ಲಾರಿಗೆ ಸಾಲ ಕೊಡಿಸಿ, ಗೋದಾಮು, ಮಾರ್ಕೆಟ್ಟು, ಫ್ಯಾಕ್ಟರಿ ಎಲ್ಲವನ್ನೂ ಆ ರಸ್ತೆಗೆ ಅಂಟಿಸಿ, ಐವತ್ತು ವರ್ಷ ಆದ ಮೇಲೆ ಬಂಕಿನವನ ಮುಂದೆ ನಿಂತು "ಯಾಕ ಬಿಡಾಕ ಆಗವಲ್ದು" ಅಂದರೆ?

ಗದಗ–ವಾಡಿ ಮಾರ್ಗದ ಆ ಮೊದಲ ರೈಲು ನೋಡಲು ಹಳ್ಳಿಹಳ್ಳಿಗಳಿಂದ ಜನ ಟ್ರ್ಯಾಕ್ಟರ್, ಟಂಟಂ ಕಟ್ಟಿಕೊಂಡು ಬಂದಿದ್ದರು. ಆ ದಿನ ನನ್ನ ಬಂಕಿನಲ್ಲಿ ಜಾತ್ರೆಯಷ್ಟು ವ್ಯಾಪಾರ. ಮಾವನೂ ಬಂದಿದ್ದರು, ನೂರು ರೂಪಾಯಿಗೆ.