32 ಇರಬೇಕಿತ್ತು, 31 ಇತ್ತು

ಬಸ್ ಬಾಗಿಲಲ್ಲಿ ನಿಂತು ಎಣಿಸಿದೆ. 31. ಇನ್ನೊಮ್ಮೆ ಎಣಿಸಿದೆ. 31. ನಮ್ಮದು 32 ಜನರ ಗ್ರೂಪ್.

ಬಾಸ್ಟನ್‌ನ ಇಸಬೆಲ್ಲಾ ಸ್ಟೀವರ್ಟ್ ಗಾರ್ಡ್ನರ್ ಮ್ಯೂಸಿಯಂ ಎದುರು, ಏಪ್ರಿಲ್‌ನಲ್ಲಿ ನಡೆದದ್ದು. ನಾನು ಟೂರ್ ಮ್ಯಾನೇಜರ್. ಯುಗಾದಿ ಮುಗಿಸಿ ಬೆಂಗಳೂರಿಂದ ಹೊರಟವರು, ಜಾಸ್ತಿ ಜನ ಅರವತ್ತು ದಾಟಿದವರು. ಆಪರೇಷನ್ಸ್‌ನವರು ಐಟಿನರಿಯಲ್ಲಿ ಈ ಮ್ಯೂಸಿಯಂಗೆ ಕೊಟ್ಟಿದ್ದು 60 ನಿಮಿಷ. ಅದಕ್ಕೆ ಮುಂಚೆ ಹಾರ್ವರ್ಡ್ ಫೋಟೋ ಸ್ಟಾಪ್, ಆಮೇಲೆ ಇಂಡಿಯನ್ ಡಿನ್ನರ್. ಮೊಣಕಾಲು ನೋವಿನವರನ್ನು ಕರೆದುಕೊಂಡು ಮೂರು ಫ್ಲೋರ್ 60 ನಿಮಿಷದಲ್ಲಿ ಹತ್ತಿ ಇಳಿಯೋದು ಹೇಗೆ ಅಂತ ಎಕ್ಸೆಲ್ ಶೀಟ್ ತುಂಬುವವರು ಒಮ್ಮೆ ಬಂದು ತೋರಿಸಲಿ.

ಹಾಗಾಗಿ ನಾನು ಪ್ರತಿ ಸಲ ಅಲ್ಲಿ ನಡೆದ ಕಳ್ಳತನದ ಕಥೆಯನ್ನೇ ಹೇಳುತ್ತಿದ್ದೆ. 1990ರ ಮಾರ್ಚ್ 18ರ ನಡುರಾತ್ರಿ ಕಳೆದ ಮೇಲೆ ಪೊಲೀಸ್ ವೇಷದಲ್ಲಿ ಇಬ್ಬರು ಬಂದರು. ಕಾವಲುಗಾರರನ್ನು ಕಟ್ಟಿಹಾಕಿದರು. 81 ನಿಮಿಷ ಒಳಗಿದ್ದು 13 ಕಲಾಕೃತಿ ಹೊತ್ತುಕೊಂಡು ಹೋದರು. ಅದರಲ್ಲಿ ರೆಂಬ್ರಾಂಟ್, ವರ್ಮೀರ್, ಮಾನೆ ಬರೆದ ಚಿತ್ರಗಳೂ ಇದ್ದವು. ಒಂದೂ ಸಿಕ್ಕಿಲ್ಲ. ಹುಡುಕಿಕೊಟ್ಟವರಿಗೆ 1 ಕೋಟಿ ಡಾಲರ್ ಬಹುಮಾನ ಇದೆ. ಡಚ್ ರೂಮಿನಲ್ಲಿ ಖಾಲಿ ಫ್ರೇಮ್ ತೋರಿಸಿದರೆ ಎಲ್ಲರೂ ಕಣ್ಣರಳಿಸಿ ಕೇಳುತ್ತಾರೆ. ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಐದಕ್ಕೆ ಐದು. ಆ ಮ್ಯೂಸಿಯಂ ಕಟ್ಟಿಸಿದ ಇಸಬೆಲ್ಲಾ ಬಗ್ಗೆ ಎರಡು ಮಾತು ಹೇಳಿ ಮುಗಿಸುತ್ತಿದ್ದೆ.

ಡ್ರೈವರ್ ಗಡಿಯಾರ ತೋರಿಸಿದ. ಇನ್ನು ಹತ್ತು ನಿಮಿಷ, ಆಮೇಲೆ ಅಲ್ಲಿ ಬಸ್ ನಿಲ್ಲಿಸುವ ಹಾಗಿಲ್ಲ. ಬಾರದೇ ಇದ್ದವರು ದಾವಣಗೆರೆಯ ಒಬ್ಬ ಅಮ್ಮ. ಒಬ್ಬರೇ ಬಂದಿದ್ದರು. ಫೋನ್ ಮಾಡಿದರೆ ಬಸ್ಸಿನಲ್ಲೇ, ಅವರ ಸೀಟಿನ ಮೇಲೇ ರಿಂಗಾಯಿತು.

ಓಡಿದೆ. ಅಂಗಳದಲ್ಲಿ ಮೂರನೇ ಫ್ಲೋರ್‌ನಿಂದ ಕಿತ್ತಳೆ ಬಣ್ಣದ ನಾಸ್ಟರ್ಷಿಯಂ ಬಳ್ಳಿಗಳು ಉದ್ದಕ್ಕೆ ಜೋತುಬಿದ್ದಿದ್ದವು. ವರ್ಷಕ್ಕೆ ಕೆಲವೇ ವಾರ ಕಾಣುವ ನೋಟ, ನಾನು ತಲೆ ಎತ್ತಲಿಲ್ಲ. ಡಚ್ ರೂಮಿನಲ್ಲಿ ಇಲ್ಲ. ಟಾಯ್ಲೆಟ್ ಕಡೆ ಇಲ್ಲ. ಎಲ್ಲಾದರೂ ಬಿದ್ದಿದ್ದರೆ? ಶುಗರ್ ಇಳಿದಿದ್ದರೆ? ಮೆಟ್ಟಿಲು ಹತ್ತುತ್ತಲೇ ಇನ್ಶೂರೆನ್ಸ್ ನಂಬರ್ ನೆನಪು ಮಾಡಿಕೊಳ್ಳುತ್ತಿದ್ದೆ. ಕೈ ನಡುಗುತ್ತಿತ್ತು.

ಟಿಶಿಯನ್ ರೂಮಿನಲ್ಲಿ ಸಿಕ್ಕರು. ಗೋಡೆಯ ಮೇಲೆ ಗ್ರೀಕ್ ಪುರಾಣದ ರಾಜಕುಮಾರಿ ಯುರೋಪಾಳನ್ನು ಹೊತ್ತೊಯ್ಯುವ ಗೂಳಿಯ ದೊಡ್ಡ ಚಿತ್ರ. ಅವರ ಕಣ್ಣು ಅದರ ಮೇಲಿರಲಿಲ್ಲ. ಬೆನ್ನ ಹಿಂದೆ ಕೈ ಕಟ್ಟಿ, ಬಗ್ಗಿ, ಚಿತ್ರದ ಕೆಳಗೆ ಗೋಡೆಗೆ ಹಾಕಿದ್ದ ಬಟ್ಟೆ ನೋಡುತ್ತಿದ್ದರು. ಮಾಸಲು ಹಸಿರು ರೇಷ್ಮೆ, ಮೈತುಂಬ ಗೊಂಡೆಗಳ ವಿನ್ಯಾಸ.

"ಏನಮ್ಮಾ, ನಿಮ್ಮೊಬ್ಬರಿಗೋಸ್ಕರ 31 ಜನ ಕಾಯಬೇಕಾ?" ಅಂತ ಕೂಗಿಬಿಟ್ಟೆ. ಆ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರಿಗೆ ಏನೂ ಆಗಿಲ್ಲ ಅಂತ ಕಂಡ ಮೇಲೂ ಕೂಗಿದೆ. ಅದು ಈಗಲೂ ಚುಚ್ಚುತ್ತದೆ.

ಅವರು ಮೆಲ್ಲಗೆ ಕೇಳಿದರು: "ಇದು ಗೋಡೆಗೆ ಅಂತ ನೇಯ್ದಿದ್ದಲ್ಲ ಅಲ್ವಾ? ಯಾರೋ ಉಟ್ಟಿದ್ದು."

"ಬಸ್ಸಲ್ಲಿ ಮಾತಾಡೋಣ, ಬನ್ನಿ," ಅಂದೆ. ಬಸ್ಸಲ್ಲಿ ಮಾತಾಡಲಿಲ್ಲ.

ರಾತ್ರಿ ಹೋಟೆಲಿನಲ್ಲಿ ನಿದ್ದೆ ಬರಲಿಲ್ಲ, ಹುಡುಕಿ ಓದಿದೆ. ಅವರು ಹೇಳಿದ್ದೇ ನಿಜ. ಪ್ಯಾರಿಸ್ಸಿನ ವರ್ತ್ ಅನ್ನೋ ಫ್ಯಾಷನ್ ಹೌಸ್‌ನಲ್ಲಿ ಹೊಲಿಸಿದ್ದ ಇಸಬೆಲ್ಲಾಳ ಸ್ವಂತ ಗೌನಿನ ಬಟ್ಟೆ ಅದು. ಸ್ಪೇನಿನ ರಾಜ ಎರಡನೇ ಫಿಲಿಪ್‌ಗಾಗಿ ಟಿಶಿಯನ್ ಬರೆದ ಆ ಚಿತ್ರವನ್ನು ಆಕೆ 1896ರಲ್ಲಿ ಕೊಂಡಳು. 1898ರಲ್ಲಿ ಗಂಡ ತೀರಿಕೊಂಡ. ಆಮೇಲೆ ವೆನಿಸ್‌ನ ಅರಮನೆಗಳ ಹಾಗೆ ಈ ಮನೆ ಕಟ್ಟಿಸಿದಳು, 1903ರಲ್ಲಿ ಜನರಿಗೆ ತೆರೆದಳು, ತಾನು ನಾಲ್ಕನೇ ಫ್ಲೋರ್‌ನಲ್ಲಿ ಇದ್ದಳು. ಯಾವ ಚಿತ್ರದ ಕೆಳಗೆ ಯಾವ ಕುರ್ಚಿ, ಯಾವ ಬಟ್ಟೆ ಅಂತ ನಿಂತು ಹಾಕಿಸಿದವಳು ಆಕೆಯೇ. 1924ರಲ್ಲಿ ತೀರಿಕೊಂಡಳು. ಜೋಡಿಸಿಟ್ಟದ್ದನ್ನು ಬದಲಿಸಿದರೆ ಎಲ್ಲವನ್ನೂ ಮಾರಿ ಹಣ ಹಾರ್ವರ್ಡ್‌ಗೆ ಕೊಡಿ ಅಂತ ಉಯಿಲು ಬರೆದಿಟ್ಟಿದ್ದಳು. ಖಾಲಿ ಫ್ರೇಮ್ ಇದ್ದ ಕಡೆ ಬೇರೆ ಚಿತ್ರ ಬಂದಿಲ್ಲ, ಆ ರೇಷ್ಮೆಯೂ ಚಿತ್ರದ ಕೆಳಗೇ ಇತ್ತು. ನಾನು ಕಳ್ಳರ ಕಥೆ ಹೇಳಿಕೊಂಡು ಎಷ್ಟೋ ಸಲ ಅದರ ಎದುರೇ ಓಡಾಡಿದ್ದೆ. ನಲವತ್ತು ವರ್ಷ ಬ್ಲೌಸ್ ಹೊಲಿದ ಆ ಅಮ್ಮ ಒಂದೇ ಸಲಕ್ಕೆ ಕಂಡುಹಿಡಿದರು.

ಈಗ ಎರಡು ಗಂಟೆ ಕೊಡದ ಐಟಿನರಿಗೆ ನಾನು ಒಪ್ಪುವುದಿಲ್ಲ. ಪ್ರತಿ ಸಲ ಜಗಳ. ಎಣಿಕೆ ಕಮ್ಮಿ ಬಂದರೆ ಮೊದಲು ನೀರು ಕುಡಿಯುತ್ತೇನೆ, ಆಮೇಲೆ ಹುಡುಕಲು ಹೋಗುತ್ತೇನೆ. ಕಳ್ಳತನದ ಕಥೆ ಈಗ ಕೊನೆಗೆ.

ಮರುದಿನ ತಿಂಡಿ ಹೊತ್ತಿಗೆ ಎಲ್ಲರ ಎದುರೇ ಕ್ಷಮೆ ಕೇಳಿದೆ. ಬಟ್ಟೆಯ ವಿಷಯವನ್ನೂ ಹೇಳಿದೆ. ಅವರ ಮುಖ ಅರಳಿತು. "ಹೋಗ್ಲಿ ಬಿಡಿ," ಅಂದರು. ಸ್ವಲ್ಪ ಹೊತ್ತು ಬಿಟ್ಟು ಕಾಫಿ ಲೋಟ ಕೆಳಗಿಟ್ಟು ಹೇಳಿದರು: "ಮೊದಲು ಬಟ್ಟೆ ನೋಡಿ, ಆಮೇಲೆ ಚಿತ್ರ ನೋಡೋಣ ಅಂದ್ಕೊಂಡಿದ್ದೆ. ಅಷ್ಟರಲ್ಲಿ ನೀವು ಬಂದ್ರಿ."