ಸಂತಾಪ ಕತ್ತರಿಸಿ, ಕೆಲಸ ಉಳಿಸಿ

2018ರ ನವೆಂಬರ್ 24ರ ರಾತ್ರಿ ಅಂಬರೀಷ್ ತೀರಿಕೊಂಡರು. ಅದೇ ಮಧ್ಯಾಹ್ನ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತಿದ್ದರು. ಶಾಲೆ ಮಕ್ಕಳೂ ಇದ್ದರು ಅದರಲ್ಲಿ. ನಮ್ಮ ಪತ್ರಿಕೆಯ ಸುದ್ದಿ ಡೆಸ್ಕ್‌ನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಮರುದಿನ ಭಾನುವಾರ, ಮಾಜಿ ರೈಲ್ವೆ ಮಂತ್ರಿ ಸಿ.ಕೆ. ಜಾಫರ್ ಷರೀಫ್ ಹೋದರು ಅನ್ನುವ ಸುದ್ದಿ ಬಂತು.

ಅಂಬರೀಷ್‌ಗೆ ಅಷ್ಟು ಪುಟ ಕೊಟ್ಟಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಮಂಡ್ಯದ ಜನ ನಿಜವಾಗಿ ಅಳುತ್ತಿದ್ದರು. ನನಗೆ ಇವತ್ತಿಗೂ ಚುಚ್ಚುವುದು ಷರೀಫ್ ಅವರ ನಿಧನ ಸುದ್ದಿಯ ಕಾಪಿಗೆ ಆಗಲಿದ್ದ ಗತಿ.

ಡಬಲ್ ಕಾಲಂ ಅಂತ ಶುರುವಾದದ್ದು ದೂರದ ಊರುಗಳಿಗೆ ಮೊದಲೇ ಅಚ್ಚಾಗುವ ಡಾಕ್ ಎಡಿಷನ್ ಹೊತ್ತಿಗೆ ಒಳಪುಟದ ಸಿಂಗಲ್ ಕಾಲಂಗೆ ಇಳಿಯಿತು. ಪೇಜ್ ಅಚ್ಚಿಗೆ ಕಳಿಸಲು ಹತ್ತು ನಿಮಿಷವೂ ಇರಲಿಲ್ಲ. "ಕೆಳಗಿಂದ ಕತ್ತರಿಸು" ಅಂದರು ಚೀಫ್ ಸಬ್ ಎಡಿಟರ್. ನಾವು ಯಾವಾಗಲೂ ಮಾಡುವುದು ಹಾಗೇ. ಕಾಪಿ ನೋಡಿದೆ. ಮೊದಲು ಆಸ್ಪತ್ರೆ, ಆಮೇಲೆ ಅಂತ್ಯಕ್ರಿಯೆ, ಆಮೇಲೆ ಸಾಲುಸಾಲು ಸಂತಾಪ. ಅವರು ಮಾಡಿದ ಕೆಲಸ ಕೊನೆಯ ಎರಡು ಪ್ಯಾರಾದಲ್ಲಿ. ಕತ್ತರಿ ಬೀಳುವುದೇ ಅಲ್ಲಿ!

ಚಳ್ಳಕೆರೆಯಲ್ಲಿ ಹುಟ್ಟಿದ ಷರೀಫ್ 1991ರಿಂದ 1995ರವರೆಗೆ ದೇಶದ ರೈಲ್ವೆ ಮಂತ್ರಿಯಾಗಿದ್ದರು. ಮೀಟರ್ ಗೇಜ್ ಹಳಿಗಳನ್ನು ಬ್ರಾಡ್ ಗೇಜ್ ಮಾಡುವ ಯುನಿಗೇಜ್ ಯೋಜನೆ ಅವರ ಕಾಲದ್ದು. ಅದಕ್ಕೂ ಮೊದಲು ಮೈಸೂರಿನಿಂದ ಮದ್ರಾಸಿಗೆ ಹೊರಟವರು ಬೆಂಗಳೂರಿನಲ್ಲಿ ಇಳಿದು, ಗಂಟುಮೂಟೆ ಹೊತ್ತು ಇನ್ನೊಂದು ರೈಲು ಹತ್ತಬೇಕಿತ್ತು. ಮೈಸೂರು ಕಡೆ ಎರಡು ಹಳಿಗಳ ನಡುವಿನ ಅಗಲ, ಅಂದರೆ ಗೇಜ್, 1,000 ಮಿ.ಮೀ., ಮದ್ರಾಸ್ ಕಡೆ 1,676. ಗೇಜ್ ಬದಲಾಗುವಲ್ಲಿ ಸರಕನ್ನೂ ಇಳಿಸಿ ಏರಿಸಬೇಕಿತ್ತು. ಯಲಹಂಕದ ರೈಲು ಗಾಲಿ ಕಾರ್ಖಾನೆ 1984ರಲ್ಲಿ ಉದ್ಘಾಟನೆಯಾದಾಗ ರೈಲ್ವೆ ರಾಜ್ಯ ಮಂತ್ರಿಯಾಗಿದ್ದವರೂ ಇವರೇ. ಅಂಬರೀಷ್ ಅಂತಿಮ ದರ್ಶನಕ್ಕೆ ಮಂಡ್ಯದಿಂದ ರೈಲು ಹತ್ತಿದವರು ಬಂದಿದ್ದು ಬ್ರಾಡ್ ಗೇಜ್ ಹಳಿಯ ಮೇಲೇ ಅಲ್ವಾ? ಇದನ್ನು ಬಿಟ್ಟು "ಗಣ್ಯರ ಕಂಬನಿ" ಉಳಿಸಿಕೊಳ್ಳುವುದೇ?

ಕರ್ಸರ್ ಕೈಯಲ್ಲಿತ್ತು. ಕೆಳಗಿನ ಎರಡು ಪ್ಯಾರಾ ಎತ್ತಿ ಇಂಟ್ರೋ ಅನ್ನುವ ಮೊದಲ ಪ್ಯಾರಾದ ಕೆಳಗೆ ತಂದೆ. ಸಂತಾಪಗಳನ್ನು ತಳಕ್ಕೆ ತಳ್ಳಿದೆ. ಸಾಫ್ಟ್‌ವೇರ್ ಎಂದಿನಂತೆ ಸರಿಯಾದ ಹೊತ್ತಿಗೇ ಹ್ಯಾಂಗ್ ಆಯಿತು. ಪುಟ ಜೋಡಿಸುವ ಪೇಜಿನೇಟರ್ ನನ್ನ ಮುಖ ನೋಡುತ್ತಾ ನಿಂತಿದ್ದ. ಸಿಸ್ಟಂ ಮತ್ತೆ ಎದ್ದ ತಕ್ಷಣ ಕೆಳಗಿಂದ ಕತ್ತರಿಸಿ ಕಳಿಸಿದೆ.

ಮರುದಿನ ಮೀಟಿಂಗ್‌ನಲ್ಲಿ ಬೈಗುಳ ಬಿತ್ತು. ಒಬ್ಬ ನಾಯಕರ ಸಂತಾಪ ಬಿಟ್ಟುಹೋಗಿದೆಯಂತೆ, ಅವರ ಕಡೆಯವರು ಫೋನ್ ಮಾಡಿದ್ದರಂತೆ. ಗೇಜ್ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ.

ಇನ್ನೂ ಒಂದು ವಿಷಯ. ನಟರು ಆಸ್ಪತ್ರೆ ಸೇರಿದ ದಿನವೇ ನಮ್ಮಲ್ಲಿ ಸ್ಟಾಕ್ ಪೇಜ್, ಅಂದರೆ ತೀರಿಕೊಂಡರೆ ಹಾಕಲು ಮೊದಲೇ ಬರೆದಿಡುವ ಪುಟ, ತಯಾರಾಗುತ್ತದೆ. ಅಧಿಕಾರಿಗಳಿಗೆ, ಎಂಜಿನಿಯರ್‌ಗಳಿಗೆ ಒಂದು ಫೈಲ್ ಕೂಡ ಇರುವುದಿಲ್ಲ. ಸುಮ್ನೆ ಹೇಳುತ್ತಿಲ್ಲ. ಮುಂದಿನ ತಿಂಗಳೇ, ಡಿಸೆಂಬರ್ 28ರಂದು, ಐಪಿಎಸ್ ಅಧಿಕಾರಿ ಮಧುಕರ ಶೆಟ್ಟಿ ಹೈದರಾಬಾದಿನಲ್ಲಿ ತೀರಿಕೊಂಡರು. ಇನ್ನೂ 47 ವರ್ಷ. ಚಿಕ್ಕಮಗಳೂರಿನಲ್ಲಿ ಎಸ್‌ಪಿ ಆಗಿದ್ದಾಗ, ಜಿಲ್ಲಾಧಿಕಾರಿ ಹರ್ಷ ಗುಪ್ತ ಅವರ ಜೊತೆ ಸೇರಿ ಒತ್ತುವರಿ ಭೂಮಿ ಬಿಡಿಸಿ ಭೂಮಿ ಇಲ್ಲದ ದಲಿತ ಕುಟುಂಬಗಳಿಗೆ ಕೊಡಿಸಿದವರು. ಆ ಜನ ತಮ್ಮ ಊರಿಗೆ ಗುಪ್ತಶೆಟ್ಟಿಹಳ್ಳಿ ಅಂತಲೇ ಹೆಸರಿಟ್ಟರು. ಹೊಸ ಹುಡುಗ ತಂದ ಕಾಪಿಯಲ್ಲಿ ಈ ಊರು ಮತ್ತೆ ಕೊನೆಯ ಸಾಲಿನಲ್ಲಿತ್ತು. ಮೇಲೆ ತಂದು ಕೂರಿಸಿದೆ.