ಕೊನೆಗೂ ಕ್ಯೂಬ್ ತಿರುಗಿತು

ಹಳೇ ಗ್ರಾಫಿಕ್ಸ್ ಕಾರ್ಡೊಂದನ್ನು ಲಿನಕ್ಸ್‌ನಲ್ಲಿ ಪಳಗಿಸೋಕೆ ಮೂರು ಸಂಜೆ ಹಾಳಾದವು. ನಿನ್ನೆ ರಾತ್ರಿ ಹನ್ನೊಂದೂವರೆಗೆ ವಿಕೆಕ್ಯೂಬ್ (ಗ್ರಾಫಿಕ್ಸ್ ಪರೀಕ್ಷೆಗೆ ಪರದೆ ಮೇಲೆ ಘನ ತಿರುಗಿಸೋ ಪುಟ್ಟ ಪ್ರೋಗ್ರಾಮ್) ಗರಗರ ತಿರುಗಿತು. ಹೆಂಡತಿ ಬಂದು ನೋಡಿ "ಇಷ್ಟಕ್ಕಾ?" ಅಂದಳು. ಹೌದು, ಇಷ್ಟಕ್ಕೇ.

ಕಾರ್ಡ್ 2012ರ ರೇಡಿಯಾನ್ ಎಚ್‌ಡಿ 7750, ಬೆಂಗಳೂರಿನ ಎಸ್‌ಪಿ ರೋಡಿನ ಸೆಕೆಂಡ್ ಹ್ಯಾಂಡ್ ಮಾಲು. "ಜಿಡಿಡಿಆರ್5 ಸಾರ್, ಗ್ಯಾರಂಟಿ" ಅಂದಿದ್ದ ಅಂಗಡಿಯವನು. ಮನೆಯಲ್ಲಿ ನೋಡಿದರೆ ಮೆಮೊರಿ ಅದಕ್ಕಿಂತ ನಿಧಾನದ ಡಿಡಿಆರ್3. ಹೀಟ್‌ಸಿಂಕ್ ಬಿಚ್ಚಿದರೆ ಥರ್ಮಲ್ ಪೇಸ್ಟ್ ಒಣಗಿ ಹಪ್ಪಳದ ಚೂರಿನ ಹಾಗೆ ಉದುರಿತು.

ಲಿನಕ್ಸ್‌ನ ಡೆಬಿಯನ್ 12 ಹಾಕಿದೆ. ಡೆಸ್ಕ್‌ಟಾಪ್, ವಿಡಿಯೊ ಎಲ್ಲ ಸರಿ. ವಲ್ಕನ್ (3ಡಿ ಚಿತ್ರ ಬಿಡಿಸೋಕೆ ಪ್ರೋಗ್ರಾಮ್‌ಗಳು ಬಳಸೋ ವ್ಯವಸ್ಥೆ) ಕೇಳಿದರೆ ಮಾತ್ರ ಬರೀ ಎಲ್‌ಎಲ್‌ವಿಎಮ್‌ಪೈಪ್, ಅಂದರೆ ಕಾರ್ಡಿನ ಕೆಲಸ ಮಾಡೋಕೆ ಪಾಪದ ಸಿಪಿಯು ಒದ್ದಾಡುತ್ತಿದೆ. ಎಲ್‌ಎಸ್‌ಪಿಸಿಐ (ಹಾರ್ಡ್‌ವೇರ್ ಪಟ್ಟಿ ತೋರಿಸೋ ಕಮಾಂಡ್) ನೋಡಿದಾಗ ಕಾರಣ ಗೊತ್ತಾಯಿತು: ಬಳಕೆಯಲ್ಲಿರೋ ಡ್ರೈವರ್ 'ರೇಡಿಯಾನ್'. ಈ ಕಾರ್ಡ್‌ಗಳಿಗೆ ವಲ್ಕನ್ ಕೊಡೋ ಆರ್‌ಎಡಿವಿಗೆ ಬೇಕಾಗಿರೋದು 'ಎಎಮ್‌ಡಿಜಿಪಿಯು'. ನನ್ನದರಂಥ ಮೊದಲ ತಲೆಮಾರಿನ ಜಿಸಿಎನ್ (ಎಎಮ್‌ಡಿಯ ಚಿಪ್ ವಿನ್ಯಾಸ) ಕಾರ್ಡ್‌ಗಳು ಈ ಕರ್ನಲ್‌ನಲ್ಲಿ ಹಳೇ ಡ್ರೈವರಿಗೇ ಹೋಗುತ್ತವೆ, ನಾವೇ ಕೈಹಿಡಿದು ಎಳೆದು ತರಬೇಕು. ಡ್ರೈವರ್‌ಗಳಿಗೆ ಸೂಚನೆ ಕೊಡೋ ಮಾಡ್‌ಪ್ರೋಬ್ ಫೈಲಿನಲ್ಲಿ ಎರಡು ಸಾಲು ಅಷ್ಟೇ: ರೇಡಿಯಾನ್‌ಗೆ ಎಸ್‌ಐ_ಸಪೋರ್ಟ್=0, ಎಎಮ್‌ಡಿಜಿಪಿಯುಗೆ 1.

ಬರೆದೆ, ರೀಬೂಟ್ ಮಾಡಿದೆ. ಮತ್ತೆ ರೇಡಿಯಾನ್! ಅಕ್ಷರ ಅಕ್ಷರ ಓದಿದೆ. ಫರ್ಮ್‌ವೇರ್ (ಕಾರ್ಡಿನೊಳಗೇ ಓಡೋ ಸಾಫ್ಟ್‌ವೇರ್) ಪ್ಯಾಕೇಜ್ ತೆಗೆದು ಮತ್ತೆ ಹಾಕಿದೆ. ಸ್ಲಾಟ್ ಕೂಡ ಬದಲಾಯಿಸಿದೆ, ಯಾಕೆ ಅಂತ ಕೇಳಬೇಡಿ.

ಮೂರನೇ ಸಂಜೆ ಡಿಮೆಸೇಜ್ (ಕರ್ನಲ್ ಬರೆಯೋ ದಿನಚರಿ) ನಿಧಾನವಾಗಿ ಓದುವಾಗ ಕಣ್ಣಿಗೆ ಬಿತ್ತು. ರೂಟ್ ಡಿಸ್ಕ್ ಮೌಂಟ್ ಆಗೋ ಮೊದಲೇ ರೇಡಿಯಾನ್ ಹಾಜರ್. ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ಬಳಕೆಯಾಗೋ ಪುಟ್ಟ ಫೈಲ್ ಗಂಟು) ಒಳಗಿಂದ ಬರುತ್ತಿದೆ, ಅಲ್ಲಿ ನನ್ನ ಎರಡು ಸಾಲು ಇಲ್ಲವೇ ಇಲ್ಲ! ಆ ಗಂಟನ್ನು ಹೊಸದಾಗಿ ಕಟ್ಟೋ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಒಂದು ಸಲ ಓಡಿಸಿದ್ದರೆ ಮೊದಲ ದಿನವೇ ಮುಗಿಯುತ್ತಿತ್ತು. ಬೈಯೋಣ ಅಂದರೆ ನನ್ನ ಬಿಟ್ಟು ಯಾರೂ ಸಿಗಲಿಲ್ಲ, ಅದೇ ಬೇಜಾರು. ಎಎಮ್‌ಡಿ 2007ರಲ್ಲಿ ಮುಕ್ತ ಡ್ರೈವರ್ ಬರೆಯೋಕೆ ಬೇಕಾದ ಕಾರ್ಡ್‌ಗಳ ತಾಂತ್ರಿಕ ದಾಖಲೆ ಬಿಡೋಕೆ ಶುರು ಮಾಡಿತಲ್ಲ, ಅದರ ಫಲ ಈ ಮುದಿ ಕಾರ್ಡಿಗೂ ಸಿಕ್ಕಿದೆ.

ಮುಂದಿನದು ಎನ್‌ವಿಡಿಯಾದ ಜಿಟಿಎಕ್ಸ್ 750 ಟಿಐ, ಅದಕ್ಕಿರೋ ಮುಕ್ತ ಡ್ರೈವರ್ ನೂವೋ ಜೊತೆ. ಸುಮ್ನೆ ಆರಿಸಿದ್ದಲ್ಲ. ಇದರಲ್ಲಿ ಪಿಸ್ಟೇಟ್ ಅನ್ನೋ ಫೈಲಿಗೆ ಬರೆದು ಕ್ಲಾಕ್, ಅಂದರೆ ಚಿಪ್ಪಿನ ವೇಗ, ಏರಿಸಬಹುದು. 900 ಸರಣಿಯಿಂದ ಎನ್‌ವಿಡಿಯಾ ಸಹಿ ಮಾಡಿದ ಫರ್ಮ್‌ವೇರೇ ಬೇಕು, ಹಾಗಾಗಿ ನೂವೋದಲ್ಲಿ ಆ ಕಾರ್ಡ್‌ಗಳು ಬೂಟ್ ಆದ ವೇಗದಲ್ಲೇ ತೆವಳುತ್ತವೆ. ಆಮೇಲೆ ಬಂದ ಟ್ಯೂರಿಂಗ್ ತಲೆಮಾರಿನಿಂದ ಈಚೆಗೆ ಜಿಎಸ್‌ಪಿ (ಇಂಥ ಕೆಲಸ ನೋಡಿಕೊಳ್ಳೋ, ಕಾರ್ಡಿನೊಳಗಿನ ಪುಟ್ಟ ಪ್ರೊಸೆಸರ್) ಇದೆ, 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾವೇ ಕರ್ನಲ್ ಮಾಡ್ಯೂಲ್ ಮುಕ್ತವಾಗಿ ಬಿಟ್ಟಿತು. ನಡುವೆ ಸಿಕ್ಕಿಕೊಂಡ 900, 1000 ಸರಣಿಗಳ ಪಾಡು ಮಾತ್ರ ಅತ್ತೆಗೂ ಬೇಡ, ತವರಿಗೂ ಬೇಡ.

ಈ ಸಲ ಹೀಟ್‌ಸಿಂಕ್ ಅಂಗಡಿಯಲ್ಲೇ ಬಿಚ್ಚಿಸುತ್ತೇನೆ.